ಪ್ರಯಾಣದ ಪುಸ್ತಕ: ಹಗುರವೆಂದರೆ ಎಷ್ಟು?

ಕನ್ನಡದಲ್ಲಿ ‘ಹಗುರ’ ಎಂಬ ಪದ ಮೂರು ಕೆಲಸಗಳನ್ನು ಮಾಡುತ್ತದೆ. ತಕ್ಕಡಿಯಲ್ಲಿ ಮೇಲೇಳುವ ತಟ್ಟೆ ಹಗುರ. ‘ಹಿರಿಯರ ಬಗ್ಗೆ ಹಗುರವಾಗಿ ಮಾತನಾಡಬೇಡ’ ಎನ್ನುವಾಗ ಅದೇ ಪದ ತಿರಸ್ಕಾರವನ್ನು ಸೂಚಿಸುತ್ತದೆ. ದುಃಖವನ್ನು ಹೇಳಿಕೊಂಡ ಮೇಲೆ ‘ಮನಸ್ಸು ಹಗುರಾಯಿತು’ ಎಂದರೆ ಅದು ನೆಮ್ಮದಿಯ ಹೆಸರು. ಪ್ರಯಾಣದಲ್ಲಿ ಓದಲು ಹಗುರವಾದ ಪುಸ್ತಕವೊಂದನ್ನು ಸೂಚಿಸಿ ಎಂದು ಯಾರಾದರೂ ಕೇಳಿದರೆ ನಮ್ಮ ಸಾಹಿತ್ಯವಲಯ ಎರಡನೆಯ ಅರ್ಥವನ್ನೇ ಹಿಡಿದುಕೊಳ್ಳುತ್ತದೆ. ಕೇಳಿದವನ ಅಭಿರುಚಿಯ ಬಗ್ಗೆಯೇ ಅನುಮಾನ ಪಡುತ್ತದೆ. ಆತ ಕೇಳಿದ್ದು ಮೊದಲನೆಯ ಮತ್ತು ಮೂರನೆಯ ಅರ್ಥದ ಹಗುರವನ್ನು. ಈ ಅರ್ಥವ್ಯತ್ಯಾಸಕ್ಕೆ ಕನ್ನಡದ ಓದು ತೆತ್ತಿರುವ ಬೆಲೆ ಸಣ್ಣದಲ್ಲ.

ಮೂವತ್ತು ವರ್ಷಗಳಿಗೂ ಮೀರಿದ ಸರ್ಕಾರಿ ಸೇವೆಯಲ್ಲಿ ನನ್ನ ಓದಿನ ಬಹುಭಾಗ ನಡೆದದ್ದು ಪ್ರಯಾಣದಲ್ಲಿಯೇ. ತಾಲ್ಲೂಕು ಕೇಂದ್ರಗಳಿಗೆ ಜೀಪು, ರಾಜಧಾನಿಗೆ ರಾತ್ರಿ ಬಸ್ಸು, ಸಭೆ ತಡವಾದಾಗ ಪ್ರವಾಸಿ ಮಂದಿರದ ಜಗಲಿ. ಆಗ ನಮ್ಮೊಡನಿದ್ದ ಸಹೋದ್ಯೋಗಿಯೊಬ್ಬರು ಬೀದರಿನ ಕಡೆ ಪ್ರವಾಸ ಹೊರಟಾಗಲೆಲ್ಲ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೊಂಡೊಯ್ಯುತ್ತಿದ್ದರು. ಪ್ರತಿ ಸಲವೂ ಮೊದಲ ಅಧ್ಯಾಯದಿಂದಲೇ ಪ್ರಾರಂಭ, ಪ್ರತಿ ಸಲವೂ ಕಲಬುರಗಿ ದಾಟುವುದರೊಳಗೆ ಪುಸ್ತಕ ತಲೆದಿಂಬಾಗಿ ಪರಿವರ್ತನೆ. ಇದರಲ್ಲಿ ಮಹಾಕವಿಯ ಲೋಪವೂ ಇಲ್ಲ, ನನ್ನ ಮಿತ್ರರ ಲೋಪವೂ ಇಲ್ಲ. ಆ ಕಾದಂಬರಿ ಓದುಗನಿಂದ ಕೇಳುವುದು ಒಂದು ಇಡೀ ಮಳೆಗಾಲವನ್ನು. ರೈಲಿನ ಆಸನ ಕೊಡಬಲ್ಲದ್ದು ಒಂದು ಮಧ್ಯಾಹ್ನವನ್ನು, ಅದನ್ನೂ ತುಂಡುತುಂಡಾಗಿ.

ಮನೆಯಲ್ಲಿ ಓದಲಾಗದ ಘನಗ್ರಂಥವನ್ನು ಪ್ರಯಾಣದಲ್ಲಾದರೂ ಮುಗಿಸೋಣ ಎಂಬ ಸಂಕಲ್ಪ ಬಹಳ ಜನರಲ್ಲಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರ ತರ್ಕ ಅರ್ಥವಾಗುತ್ತದೆ. ರೈಲಿನಲ್ಲಿ ಕುಳಿತ ಒಂದು ಗಂಟೆಯ ಅವಕಾಶ ವೆಚ್ಚ ಅತ್ಯಲ್ಪ. ಅಲ್ಲಿ ತರಕಾರಿ ತರಬೇಕಿಲ್ಲ, ವಿದ್ಯುತ್ ಬಿಲ್ಲು ಕಟ್ಟಬೇಕಿಲ್ಲ. ಹೀಗೆ ಅಗ್ಗವಾಗಿ ದೊರೆತ ಕಾಲವನ್ನು ದುಬಾರಿ ಪುಸ್ತಕದ ಮೇಲೆ ಹೂಡುವುದು ಜಾಣತನವೆಂದು ತೋರುತ್ತದೆ. ಆದರೆ ಪ್ರಯಾಣದಲ್ಲಿ ಕಾಲವಷ್ಟೇ ಅಗ್ಗ, ಗಮನವಲ್ಲ. ಟಿಕೆಟ್ ಪರೀಕ್ಷಕರು ಬರುತ್ತಾರೆ. ಬೆಂಗಳೂರು–ಮೈಸೂರು ದಾರಿಯಾದರೆ ಮದ್ದೂರಿನಲ್ಲಿ ವಡೆ ಬರುತ್ತದೆ. ಎದುರಿನ ಆಸನದ ಮಗುವಿಗೆ ನಿಮ್ಮ ಕನ್ನಡಕ ಬೇಕಾಗುತ್ತದೆ. ಪಕ್ಕದವರು ‘ತಾವು ಎಲ್ಲಿಯವರೆಗೆ?’ ಎಂದು ಕೇಳಿದರೆ ಉತ್ತರಿಸದೆ ಪುಟ ಮಗುಚುವುದು ನಮ್ಮ ಕಡೆಯ ಸೌಜನ್ಯಕ್ಕೆ ಒಪ್ಪುವ ನಡವಳಿಕೆಯಲ್ಲ. ಅಂದಮೇಲೆ ಪ್ರಯಾಣದ ಪುಸ್ತಕಕ್ಕೆ ಇರಬೇಕಾದ ಮೊದಲ ಗುಣ ಸುಲಭವಾಗಿರುವುದಲ್ಲ, ನಡುವೆ ತುಂಡರಿಸಿದರೂ ಸಾಯದಿರುವುದು. ಮಡಚಿಟ್ಟು ಹದಿನೈದು ನಿಮಿಷದ ನಂತರ ತೆರೆದರೆ ಅದು ನಮ್ಮನ್ನು ಮುನಿಸಿಲ್ಲದೆ ಬರಮಾಡಿಕೊಳ್ಳಬೇಕು.

ಈ ಗುಣವುಳ್ಳ ಪುಸ್ತಕಗಳು ಕನ್ನಡದಲ್ಲಿ ಎಷ್ಟಿವೆ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಲಲಿತ ಪ್ರಬಂಧ ಎಂಬ ಪ್ರಕಾರವೇ ನಮ್ಮಲ್ಲಿ ಬೆಳೆದು ನಿಂತಿದೆ. 1937ರಲ್ಲಿ ಪ್ರಕಟವಾದ ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಇಂದಿಗೂ ಚೀಲದಲ್ಲಿ ಹಾಕಿಕೊಳ್ಳಲು ಅರ್ಹ. ಒಂದು ಪ್ರಬಂಧ ಎರಡು ನಿಲ್ದಾಣಗಳ ನಡುವೆ ಮುಗಿಯುತ್ತದೆ, ಆದರೆ ಅದರ ಮಂದಹಾಸ ನಾಲ್ಕನೆಯ ನಿಲ್ದಾಣದವರೆಗೂ ಇರುತ್ತದೆ. ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಮೈಸೂರು ಸಂಸ್ಥಾನದ ಅಮಲ್ದಾರರೊಬ್ಬರ ಅನುಭವಕಥನ. ಕಂದಾಯ ಇಲಾಖೆಯ ಆಡಳಿತದ ಬಗ್ಗೆ ನಾನು ಓದಿರುವ ಯಾವ ಸಮಿತಿಯ ವರದಿಯೂ ಈ ಪುಸ್ತಕದಷ್ಟು ಕಲಿಸಲಿಲ್ಲ. ಜೀಪಿನ ಹಿಂಬದಿಯಲ್ಲಿ ಕುಲುಕಾಡುತ್ತ ಓದಿದ್ದರೂ ಅದರ ಒಂದೊಂದು ಪ್ರಸಂಗ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳದ್ದೂ ಅದೇ ಗುಣ: ಒಬ್ಬ ವ್ಯಕ್ತಿ ಬರುತ್ತಾನೆ, ಹತ್ತು ಪುಟ ನಮ್ಮೊಡನೆ ಕುಳಿತಿರುತ್ತಾನೆ, ನಮಸ್ಕಾರ ಹೇಳಿ ಇಳಿದು ಹೋಗುತ್ತಾನೆ. ಸಹಪ್ರಯಾಣಿಕರು ಇರಬೇಕಾದದ್ದು ಹೀಗೆಯೇ ಅಲ್ಲವೇ?

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಯನ್ನು ನಾನು ಈ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿಡುತ್ತೇನೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಪುಸ್ತಕ ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆ. ಸಸ್ಯವಿಜ್ಞಾನವಿದೆ, ಸಂಸ್ಕೃತ ಕಾವ್ಯವಿದೆ, ಹುಡುಗರ ತುಂಟತನವಿದೆ. ಎಲ್ಲಿಂದ ತೆರೆದರೂ ಪ್ರವೇಶವಿದೆ. ವಿಷಯ ಭಾರವಾದದ್ದು, ಹೊತ್ತಿರುವ ರೀತಿ ಹಗುರ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಇದರ ತಮ್ಮನಂತಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದ ರೈಲುಮಾರ್ಗದಲ್ಲಿ, ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಅಲ್ಲಿ ಮಾತ್ರ ಎರಡೂ ಪುಸ್ತಕಗಳನ್ನು ಮುಚ್ಚಿಟ್ಟು ಕಿಟಕಿಯಾಚೆ ನೋಡುವುದು ಒಳ್ಳೆಯದು. ಲೇಖಕರಿಬ್ಬರೂ ಬಹುಶಃ ಅದನ್ನೇ ಹೇಳುತ್ತಿದ್ದರು.

ಘಟ್ಟದ ಬಸ್ಸಿನಲ್ಲಿ ಓದುವುದಂತೂ ಬೇಡವೇ ಬೇಡ. ಕಣ್ಣು ನಿಶ್ಚಲವಾದ ಅಕ್ಷರವನ್ನು ಕಂಡು ‘ಚಲನೆಯಿಲ್ಲ’ ಎಂದು ವರದಿ ಸಲ್ಲಿಸುತ್ತದೆ. ಒಳಕಿವಿ ಪ್ರತಿಯೊಂದು ತಿರುವನ್ನೂ ದಾಖಲಿಸಿ ಬೇರೆಯೇ ವರದಿ ಕಳುಹಿಸುತ್ತದೆ. ಎರಡು ವರದಿಗಳು ತಾಳೆಯಾಗದಿದ್ದಾಗ ಹೊಟ್ಟೆ ಆಕ್ಷೇಪಣೆ ಎತ್ತುತ್ತದೆ. ಲೆಕ್ಕ ತಪಾಸಣೆಯ ಆಕ್ಷೇಪಣೆಗಳನ್ನು ಬಹಳ ಕಂಡವನು ನಾನು. ಇದಕ್ಕಿಂತ ತ್ವರಿತವಾಗಿ ಬರುವ ಆಕ್ಷೇಪಣೆಯನ್ನು ಕಂಡಿಲ್ಲ.

ಕಾವ್ಯದ ಮಾತು ಬೇರೆ. ವಚನಗಳ ಒಂದು ಪುಟ್ಟ ಸಂಕಲನ ಅಥವಾ ‘ಮಂಕುತಿಮ್ಮನ ಕಗ್ಗ’ ಜೇಬಿನಲ್ಲಿದ್ದರೆ ಓದಿ ಮುಗಿಸುವ ಪ್ರಶ್ನೆಯೇ ಉದ್ಭವಿಸದು. ನಾಲ್ಕು ಸಾಲು ಓದಿ ನಲವತ್ತು ಕಿಲೋಮೀಟರು ಯೋಚಿಸಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. ಕರ್ನಾಟಕದ ರೈಲಿನಲ್ಲಿ ಕಗ್ಗವನ್ನು ಬಹಿರಂಗವಾಗಿ ತೆರೆದರೆ ಅಕ್ಕಪಕ್ಕದಲ್ಲಿ ಕನಿಷ್ಠ ಒಬ್ಬ ವ್ಯಾಖ್ಯಾನಕಾರರಿದ್ದೇ ಇರುತ್ತಾರೆ. ಅಲ್ಲಿಗೆ ನಿಮ್ಮ ಓದು ಮುಗಿಯಿತು, ಉಪನ್ಯಾಸ ಆರಂಭವಾಯಿತು.

ಇನ್ನು ಪತ್ತೇದಾರಿ ಕಾದಂಬರಿ. ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಹೆಸರನ್ನು ವಿಚಾರಸಂಕಿರಣಗಳಲ್ಲಿ ಕೇಳುವುದು ಅಪರೂಪ. ಆದರೆ ನನ್ನ ತಲೆಮಾರಿನ ಎಷ್ಟೋ ಮಂದಿ ಪಠ್ಯಪುಸ್ತಕದ ಹೊರಗೆ ಮೊದಲು ಓದಿದ ಕನ್ನಡ ಪುಸ್ತಕ ಅವರದೇ ಆಗಿತ್ತು. ಪತ್ತೇದಾರ ಪುರುಷೋತ್ತಮನ ಕೈಹಿಡಿದು ಗ್ರಂಥಾಲಯದ ಮೆಟ್ಟಿಲು ಹತ್ತಿದವರಲ್ಲಿ ಕೆಲವರಾದರೂ ಮುಂದೆ ಕಾರಂತರ ಕಪಾಟಿನವರೆಗೆ ನಡೆದರು. ಇಂತಹ ಪುಸ್ತಕಗಳನ್ನು ಎರಡನೆಯ ಅರ್ಥದಲ್ಲಿ ‘ಹಗುರ’ ಎಂದು ಬದಿಗೆ ಸರಿಸಿದ ನಾವು ಆ ಮೊದಲ ಮೆಟ್ಟಿಲನ್ನೇ ಕಿತ್ತುಹಾಕಿದೆವೇನೋ ಎಂಬ ಶಂಕೆ ನನಗಿದೆ.

ರೈಲಿಗೂ ಅಗ್ಗದ ಪುಸ್ತಕಕ್ಕೂ ಇರುವ ನಂಟು ರೈಲಿನಷ್ಟೇ ಹಳೆಯದೆನ್ನಬಹುದು. ಡಬ್ಲ್ಯು.ಎಚ್. ಸ್ಮಿತ್ ಸಂಸ್ಥೆ 1848ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕದ ಮಳಿಗೆ ತೆರೆಯಿತು. ಮರುವರ್ಷವೇ ರೂಟ್ಲೆಜ್ ಪ್ರಕಾಶನ ‘ರೈಲ್ವೆ ಲೈಬ್ರರಿ’ ಎಂಬ ಅಗ್ಗದ ಮಾಲೆಯನ್ನು ಹೊರತಂದಿತು. ನಮ್ಮ ದೇಶದಲ್ಲಿ 1877ರಲ್ಲಿ ಅಲಹಾಬಾದಿನ ನಿಲ್ದಾಣದಲ್ಲಿ ಆರಂಭವಾದ ಎ.ಎಚ್. ವೀಲರ್ ಸಂಸ್ಥೆಯೇ 1888ರಲ್ಲಿ ಆಗಿನ್ನೂ ಇಪ್ಪತ್ತೆರಡರ ಹರೆಯದ ಪತ್ರಕರ್ತನಾಗಿದ್ದ ಕಿಪ್ಲಿಂಗ್‌ನ ಕಥೆಗಳನ್ನು ಆರು ತೆಳು ಪುಸ್ತಕಗಳಾಗಿ ಮುದ್ರಿಸಿ, ತಲಾ ಒಂದು ರೂಪಾಯಿಗೆ ಮಾರಿತು. ಮುಂದೆ ನೊಬೆಲ್ ಪಡೆದ ಲೇಖಕನೊಬ್ಬ ಓದುಗರನ್ನು ಸಂಪಾದಿಸಿದ್ದು ಹೀಗೆ ಪ್ಲಾಟ್‌ಫಾರ್ಮಿನ ಮೇಲೆ. ದಕ್ಷಿಣದ ನಿಲ್ದಾಣಗಳಲ್ಲಿ ಮದ್ರಾಸಿನ ಹಿಗಿನ್‌ಬಾಥಮ್ಸ್ ಮಳಿಗೆಗಳಿದ್ದವು. 1935ರಲ್ಲಿ ಅಲೆನ್ ಲೇನ್ ಆರಂಭಿಸಿದ ಪೆಂಗ್ವಿನ್ ಮಾಲೆಯ ಮೂಲವೂ ಒಂದು ರೈಲು ನಿಲ್ದಾಣವೇ. ಎಕ್ಸೆಟರ್ ನಿಲ್ದಾಣದಲ್ಲಿ ಓದಲು ಯೋಗ್ಯವಾದದ್ದೇನೂ ಸಿಗದೆ ಬೇಸತ್ತ ಲೇನ್, ಒಳ್ಳೆಯ ಸಾಹಿತ್ಯವನ್ನು ಹತ್ತು ಸಿಗರೇಟಿನ ಪೊಟ್ಟಣದ ಬೆಲೆಗೆ, ಅಂದರೆ ಆರು ಪೆನ್ಸಿಗೆ, ಜೇಬಿನಲ್ಲಿ ಹಿಡಿಸುವ ಅಳತೆಯಲ್ಲಿ ಕೊಡಲು ಹೊರಟನೆಂಬುದು ಪ್ರಕಾಶನ ಲೋಕದ ಪ್ರಸಿದ್ಧ ಕಥೆ. ಆತ ಇಳಿಸಿದ್ದು ಬೆಲೆಯನ್ನೂ ತೂಕವನ್ನೂ. ಸಾಹಿತ್ಯದ ಮಟ್ಟವನ್ನಲ್ಲ.

ಸಾಮರ್ಸೆಟ್ ಮಾಮ್ ತನ್ನ ಪ್ರಯಾಣಗಳಲ್ಲಿ ದೊಡ್ಡ ಗೋಣಿಯಂತಹ ಚೀಲದ ತುಂಬ ಪುಸ್ತಕಗಳನ್ನು ಒಯ್ಯುತ್ತಿದ್ದನು. ಅದನ್ನು ಹೊರಲು ಆತನಿಗೆ ಕೂಲಿಗಳಿದ್ದರು. ನಮ್ಮ ಪುಸ್ತಕವನ್ನು ಹೊರುವುದು ನಮ್ಮದೇ ಹೆಗಲು. ಅರವತ್ತು ದಾಟಿದ ಮೇಲೆ ಅದೇ ಹೆಗಲಿನ ಮೇಲೆ ನೀರಿನ ಬಾಟಲಿ, ಮಾತ್ರೆಯ ಡಬ್ಬಿ, ಎರಡನೆಯ ಕನ್ನಡಕ ಇವೆಲ್ಲವೂ ಇರುತ್ತವೆ.

ಆದ್ದರಿಂದ ಸ್ವಲ್ಪ ಲೆಕ್ಕ. ಇಂದು ಬಹುಪಾಲು ಕನ್ನಡ ಪುಸ್ತಕಗಳು ಡೆಮಿ 1/8 ಅಳತೆಯಲ್ಲಿ ಬರುತ್ತವೆ. ಪುಟ ಸ್ಥೂಲವಾಗಿ 14 ಸೆಂಟಿಮೀಟರ್ ಅಗಲ, 21.5 ಸೆಂಟಿಮೀಟರ್ ಎತ್ತರ. ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದ ಬಳಸಿದರೆ 200 ಪುಟಗಳ ಪುಸ್ತಕ, ರಕ್ಷಾಪುಟ ಬಿಟ್ಟು, ಸುಮಾರು 210 ಗ್ರಾಂ. ಇದು ಸಹ್ಯ, ಮೊಬೈಲು ಫೋನಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. 600 ಪುಟಗಳಿಗೆ 630 ಗ್ರಾಂ. ‘ಸಮಗ್ರ’ ಎಂಬ ಹೆಸರು ಹೊತ್ತು ಬರುವ 800 ಪುಟಗಳ ಗಟ್ಟಿರಟ್ಟಿನ ಸಂಪುಟ ಒಂದು ಕಿಲೋಗ್ರಾಮಿಗೆ ಸಮೀಪ. ಅದನ್ನು ಮೇಲಿನ ಮಲಗುವ ಬರ್ತಿನಲ್ಲಿ ಮುಖದ ಮೇಲೆ ಎತ್ತಿ ಹಿಡಿದು ಓದುವವರು ವ್ಯಾಯಾಮಪಟುಗಳಾಗಿರಬೇಕು. ಹಿಂದೆ ನಮ್ಮ ಕಾದಂಬರಿಗಳು ಹೆಚ್ಚಾಗಿ ಬರುತ್ತಿದ್ದ ಕ್ರೌನ್ 1/8 ಅಳತೆಯಲ್ಲಿ, 60 ಗ್ರಾಂ ಕಾಗದದ ಮೇಲೆ, ಅದೇ 200 ಪುಟಗಳ ತೂಕ 140 ಗ್ರಾಂ ಮಾತ್ರ.

ಪುಟವನ್ನು ಚಿಕ್ಕದು ಮಾಡಿದರೆ ಅಕ್ಷರವನ್ನೂ ಚಿಕ್ಕದು ಮಾಡಬೇಕಾಗುತ್ತದೆ ಎಂಬ ಆಕ್ಷೇಪವಿದೆ. ಅದು ನಿಜವೂ ಹೌದು. ಕನ್ನಡಕ್ಕೆ ಒತ್ತಕ್ಷರಗಳಿವೆ, ಸಾಲಿನ ಕೆಳಗೆ ಅವುಗಳಿಗೆ ಜಾಗ ಬಿಡಬೇಕು. ಆದ್ದರಿಂದ ಅದೇ ಅಳತೆಯ ಪುಟದಲ್ಲಿ ಇಂಗ್ಲಿಷಿನಷ್ಟು ಸಾಲುಗಳು ನಮಗೆ ಹಿಡಿಸುವುದಿಲ್ಲ. ಅಕ್ಷರವನ್ನು ಕುಗ್ಗಿಸಿ ವಯಸ್ಸಾದವರ ಕಣ್ಣಿಗೆ ಶಿಕ್ಷೆ ಕೊಡುವುದು ಇದಕ್ಕೆ ಪರಿಹಾರವಲ್ಲ. ಕೃತಿಗಳನ್ನು ಬಿಡಿಬಿಡಿಯಾಗಿ ಮುದ್ರಿಸಬಹುದು. ಮಾಸ್ತಿಯವರ ‘ಸುಬ್ಬಣ್ಣ’ ಒಂದೇ ಒಂದು ಪುಸ್ತಕವಾಗಬಲ್ಲದು. ಐದು ಕಥೆ, ಆರು ಪ್ರಬಂಧ ಒಂದೊಂದು ಪುಸ್ತಕವಾಗಬಲ್ಲವು. ಇದು ನಮಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಪುಸ್ತಕಮಾಲೆಯ ಕಿರುಹೊತ್ತಿಗೆಗಳು ಹಳ್ಳಿಹಳ್ಳಿಗೆ ಹೋದದ್ದು ಹಗುರವಾಗಿದ್ದುದರಿಂದಲೇ. ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಾಶನ ಹೊರತಂದ ‘ವಿಶ್ವಕಥಾಕೋಶ’ವನ್ನು 25 ಸಂಪುಟಗಳಾಗಿ ವಿಂಗಡಿಸಿದ್ದರಿಂದ ಯಾವುದಾದರೂ ಒಂದನ್ನು ಚೀಲಕ್ಕೆ ಹಾಕಿಕೊಂಡು ಹೊರಡಬಹುದಾಗಿತ್ತು. ಅವೆಲ್ಲವನ್ನೂ ಎರಡು ಬೃಹತ್ ಸಂಪುಟಗಳಲ್ಲಿ ತುಂಬಿದ್ದರೆ ಅವು ಕಪಾಟಿನಲ್ಲೇ ಉಳಿಯುತ್ತಿದ್ದವು.

ಹಾಗಿದ್ದರೆ ಪ್ರಕಾಶಕರು ದಪ್ಪ ಪುಸ್ತಕಗಳತ್ತ ವಾಲಿರುವುದೇಕೆ? ಅವರನ್ನು ದೂಷಿಸುವ ಮೊದಲು ಪ್ರೋತ್ಸಾಹ ಯಾವ ದಿಕ್ಕಿನಲ್ಲಿದೆ ಎಂದು ನೋಡುವುದು ಅರ್ಥಶಾಸ್ತ್ರದ ಕ್ರಮ. ಕನ್ನಡ ಪುಸ್ತಕದ ದೊಡ್ಡ ಗಿರಾಕಿ ಸರ್ಕಾರವೇ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಖರೀದಿಸುವಾಗ ಬೆಲೆಯ ಲೆಕ್ಕ ನಡೆಯುವುದು ಪುಟಗಳ ಸಂಖ್ಯೆಯ ಮೇಲೆ. ಪುಟಕ್ಕಿಷ್ಟು ಎಂದು ದರ ನಿಗದಿಯಾದ ಕಡೆ ನೂರು ಪುಟಗಳ ಅಚ್ಚುಕಟ್ಟಾದ ಪುಸ್ತಕ ಮಾಡುವವನಿಗೆ ದೊರೆಯುವುದೇನು? ಟನ್ನಿಗಿಷ್ಟು ಎಂದು ಬೆಲೆ ಕಟ್ಟಿದರೆ ಕಬ್ಬಿನ ಜೊತೆ ಸೋಗೆಯೂ ಬರುತ್ತದೆ. ಈ ನಿಯಮಗಳ ಹಿಂದೆ ದುರುದ್ದೇಶವಿಲ್ಲ. ಪುಟದ ಎಣಿಕೆ ವಸ್ತುನಿಷ್ಠ, ಗುಣದ ಎಣಿಕೆ ವಿವಾದಾಸ್ಪದ, ಮತ್ತು ವಿವಾದವನ್ನು ತಪ್ಪಿಸುವುದು ಆಡಳಿತದ ಸಹಜ ಪ್ರವೃತ್ತಿ ಎಂಬುದನ್ನು ಒಳಗಿದ್ದವನಾಗಿ ಬಲ್ಲೆ. ಆದರೂ ಖರೀದಿಯ ಒಂದು ಸಣ್ಣ ಪಾಲನ್ನು 120 ಪುಟಗಳ ಒಳಗಿನ ಜೇಬು ಗಾತ್ರದ ಪುಸ್ತಕಗಳಿಗೆ, ಪುಟದ ಲೆಕ್ಕವಿಲ್ಲದೆ, ಏಕದರದಲ್ಲಿ ಮೀಸಲಿಡಲು ಒಂದು ಸುತ್ತೋಲೆ ಸಾಕು. ಬಸ್ ನಿಲ್ದಾಣಗಳ ಪರವಾನಗಿ ಹರಾಜಿನಲ್ಲಿ ಪುಸ್ತಕ ಮಾರುವವನು ಚಿಪ್ಸು ಮಾರುವವನೊಡನೆ ಬಾಡಿಗೆಯ ಪೈಪೋಟಿ ನಡೆಸುವಂತೆ ಮಾಡುವುದೂ ನ್ಯಾಯವಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ‘ಕಸ್ತೂರಿ’ ಮಾಸಿಕವನ್ನು ನನ್ನ ತಲೆಮಾರಿನವರು ಕೊಂಡದ್ದು ಇಂತಹ ಮಳಿಗೆಗಳಲ್ಲಿ, ಬಸ್ಸಿನ ಕಂಡಕ್ಟರು ಸೀಟಿ ಊದುತ್ತಿದ್ದಾಗ.

ಈಗ ಎಲ್ಲವೂ ಫೋನಿನಲ್ಲಿದೆಯಲ್ಲ ಎನ್ನುವವರಿದ್ದಾರೆ. ನಾನು ಯಂತ್ರದ್ವೇಷಿಯಲ್ಲ. ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸುವ ಸೌಲಭ್ಯ ನನ್ನ ವಯಸ್ಸಿನವರಿಗೆ ವರವೇ ಸರಿ. ಆದರೆ 2016ರಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡವಿರಲಿಲ್ಲ. ಬಳಿಕ ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್‌ನಂತಹ ತಾಣಗಳು ಆ ಕೊರತೆಯನ್ನು ತುಂಬಲು ಶ್ರಮಿಸಿವೆ. ನನ್ನ ತಕರಾರು ಬೇರೆ. ಫೋನಿನಲ್ಲಿ ಪುಸ್ತಕ ತೆರೆದಿರುವಾಗ ಅದೇ ಫೋನು ನಮ್ಮನ್ನು ಕರೆಯುತ್ತಲೂ ಇರುತ್ತದೆ. ಮದ್ದೂರು ವಡೆಯ ಅಡಚಣೆ ಹೊರಗಿನಿಂದ ಬರುವಂಥದ್ದು, ಬಂದು ಹೋಗುತ್ತದೆ. ಈ ಅಡಚಣೆ ಪುಟದ ಒಳಗೇ ವಾಸವಾಗಿದೆ.

ನಾನು ಇಷ್ಟು ಲೆಕ್ಕ ಹಾಕುವುದಕ್ಕೆ ಮನೆಯ ಕಾರಣವೊಂದಿದೆ. ನನ್ನ ಅಕ್ಕ ಮದುವೆಯಾದಾಗಿನಿಂದ ಹುಬ್ಬಳ್ಳಿಯಲ್ಲಿದ್ದಾಳೆ. ಎಂಬತ್ತರ ಸಮೀಪದಲ್ಲಿರುವ ಆಕೆಗೆ ಕಣ್ಣಿನ ಅಕ್ಷಿಪಟಲ ಸವೆದು ಐದು ವರ್ಷಗಳಿಂದ ಅಕ್ಷರ ಕಾಣುವುದಿಲ್ಲ. ಎದುರಿಗೆ ಕುಳಿತವರ ಅಂಚು ಕಾಣುತ್ತದೆ, ಮುಖ ಕಾಣುವುದಿಲ್ಲ. ತ್ರಿವೇಣಿ, ತ.ರಾ.ಸು. ಅವರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಓದಿದವಳು ಅವಳು. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಹೋಗಿ ಎರಡು ದಿನವಿದ್ದು, ಸಂಜೆ ಅವಳಿಗೆ ಓದಿ ಹೇಳುತ್ತೇನೆ. ರೈಲಿನಲ್ಲಿ ಪೆನ್ಸಿಲ್ ಹಿಡಿದು ಓದುವುದು ಆ ಸಂಜೆಗಾಗಿ. ಧ್ವನಿಪುಸ್ತಕ ಹಾಕಿಕೊಟ್ಟೆವು, ಒಗ್ಗಲಿಲ್ಲ. ‘ಅದನ್ನ ನಿಲ್ಲಿಸಿ, ಅವಳು ಯಾರ ಮಗಳು ಅಂತ ಕೇಳೋಕಾಗಲ್ಲವಲ್ಲೋ’ ಎಂದಳು.

ಗಟ್ಟಿಯಾಗಿ ಓದತೊಡಗಿದ ಮೇಲೆ ‘ಹಗುರ’ಕ್ಕೆ ಇನ್ನೊಂದು ಪರೀಕ್ಷೆ ಸಿಕ್ಕಿತು. ವಿಮರ್ಶಕರು ಮೆಚ್ಚಿದ ಕೆಲವು ಕಥೆಗಳಲ್ಲಿ ಮೂರನೆಯ ವಾಕ್ಯಕ್ಕೇ ಉಸಿರು ಕಟ್ಟುತ್ತದೆ. ಅವು ಕಣ್ಣಿಗೆ ಬರೆದ ವಾಕ್ಯಗಳು. ಗೊರೂರರ ವಾಕ್ಯ ನಾಲಗೆಯ ಮೇಲೆ ತಾನೇ ಹರಿಯುತ್ತದೆ. ಮಾಸ್ತಿಯವರನ್ನು ಓದುವಾಗ ಓದುತ್ತಿದ್ದೇನೆಂಬುದೇ ಮರೆತು, ನಾನೇ ಹೇಳುತ್ತಿದ್ದೇನೆ ಎನಿಸುತ್ತದೆ. ಇಪ್ಪತ್ತು ನಿಮಿಷ ದಾಟಿದರೆ ಅಕ್ಕನಿಗೆ ಆಯಾಸ. ಹಾಗಾಗಿ ಆಯ್ಕೆ ಸುಲಭವಲ್ಲ: ಕೈಗೆ ಭಾರವಾಗಬಾರದು, ತುಂಡರಿಸಿದರೆ ಸಾಯಬಾರದು, ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕು, ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಮಾತನಾಡಲು ಏನಾದರೂ ಉಳಿಸಿರಬೇಕು.

ಕಳೆದ ತಿಂಗಳು ಅವಳು ಕೇಳಿದ್ದು ಹಿರಿಯ ಕಥೆಗಾರರೊಬ್ಬರ ಎರಡು ಕಥೆಗಳನ್ನು, ಯಾವುದೋ ಕಾಲದ ವಾರಪತ್ರಿಕೆಯ ವಿಶೇಷಾಂಕದಲ್ಲಿ ಓದಿದ ನೆನಪಿನಿಂದ. ಅಂಗಡಿಯಲ್ಲಿ ವಿಚಾರಿಸಿದಾಗ ಅವು ಈಗ ಸಮಗ್ರ ಸಂಪುಟದಲ್ಲಿ ಮಾತ್ರ ಲಭ್ಯವೆಂದು ತಿಳಿಯಿತು. ಕೊಂಡೆ. ಅದನ್ನು ಮನೆಯ ಕಪಾಟಿನಲ್ಲಿರಿಸಿ, ಆ ಎರಡು ಕಥೆಗಳಷ್ಟನ್ನೇ ಜೆರಾಕ್ಸ್ ಮಾಡಿಸಿದೆ. ಹನ್ನೆರಡು ಹಾಳೆ, ಅರವತ್ತು ಗ್ರಾಂ. ಹಳೆಯ ಅಭ್ಯಾಸದಂತೆ ಮೂಲೆಯಲ್ಲಿ ರಂಧ್ರ ಮಾಡಿ, ಟ್ಯಾಗು ಪೋಣಿಸಿ, ಕಡತದ ರಟ್ಟಿನೊಳಗಿಟ್ಟು ರೈಲು ಹತ್ತಿದೆ. ತುಮಕೂರು ದಾಟುವವರೆಗೆ ನಾನು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದುದನ್ನು ಎದುರಿನ ಆಸನದ ಹಿರಿಯರು ಸಹಾನುಭೂತಿಯಿಂದ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಮುಂದೆ ಬಾಗಿ ಕೇಳಿದರು: ‘ಜಮೀನಿನ ಕೇಸೇ ಸಾರ್? ಧಾರವಾಡದ ಹೈಕೋರ್ಟು ಪೀಠಕ್ಕೋ?’